ಬೆಳ್ಳಿ ಕಟ್ಟಿದ ಸೋರೆಬುರುಡೆ

ಮೊಂತೆವಿದೇವೋ
3 ಮಾರ್ಚ್ 1859

ಅಕ್ಕಾ,

ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ದುರಾಸ್ನೋದ ಅಂಗಡಿ ಕಟ್ಟೆಯಲ್ಲಿ ಸುದ್ದಿ ಹಳಸಿರುತ್ತದೆ. ಆದರೂ ನಾನೇ ಬರೆಯದಿದ್ದರೆ ನೀನು ವರ್ಷವಿಡೀ ಆಡಿಕೊಳ್ಳುತ್ತೀಯ. ಅಪ್ಪನ ದನ ಎಣಿಸಲು ಬಾರದೆ ಬೈಸಿಕೊಳ್ಳುತ್ತಿದ್ದ ನಿನ್ನ ತಮ್ಮ ಫೆರ್ಮಿನ್ ಸಲ್ದೀವಿಯಾ ಹೋದ ವಾರ ಶಾಸನಸಭೆಯ ಸದಸ್ಯನಾದ. ನಮ್ಮ ಪಕ್ಷದ ಪತ್ರಿಕೆ ನನ್ನನ್ನು ಬಿಳಿ ಪಟ್ಟಿಯವರ ನಾಲಿಗೆ ಎಂದು ಹೊಗಳಿತು. ಎಲುಬಿಲ್ಲದ ನಾಲಿಗೆ ಎಂದು ಎದುರು ಪಕ್ಷದ ಕೆಂಪು ಪಟ್ಟಿಯವರ ಪತ್ರಿಕೆ ಮಾರನೇ ದಿನವೇ ತಿದ್ದಿತು.

ಇಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ. ತಮ್ಮ ಕಾಗದ ಓದುವ ಮೊದಲು ಪಕ್ಕದವನ ಕಾಗದ ಓದುತ್ತಾರೆ. ನಾನೂ ಕಲಿತಿದ್ದೇನೆ. ದೊಡ್ಡವರ ಮನೆಗೆ ಊಟಕ್ಕೆ ಹೋದರೆ, ಮನೆಯೊಡೆಯ ಯಾವ ಪಾತ್ರೆಯಿಂದ ಬಡಿಸಿಕೊಂಡನೋ ಅದರಿಂದಲೇ ನಾನೂ ಬಡಿಸಿಕೊಳ್ಳುತ್ತೇನೆ. ಕಣ್ಣು ಮುಚ್ಚಿ ತಿನ್ನುವುದು, ಕುಡಿಯುವುದು ಏನಿದ್ದರೂ ನಿನ್ನ ಕೈಯಿಂದ ಮಾತ್ರ.

ನೀನು ಕಳಿಸಿದ ಒಣ ಕಿತ್ತಳೆ ಸಿಪ್ಪೆ ತಲುಪಿತು. ಯೆರ್ಬಾ ಎಲೆಯ ಮೇಲೆ ಬಿಸಿನೀರು ಸುರಿಯುವಾಗ ಒಂದು ಚೂರು ಸುಟ್ಟ ಸಿಪ್ಪೆ ಬೀಳದಿದ್ದರೆ ನನಗೆ ಬೆಳಗಾಗುವುದಿಲ್ಲ, ನಿನಗೆ ಗೊತ್ತಲ್ಲ.

ನಿಕಾನೋರ್ ಹೇಗಿದ್ದಾನೆ? ಸೋದರಮಾವ ಎನ್ನುವುದು ಹಾಗಿರಲಿ, ದೀಕ್ಷಾಸ್ನಾನದ ದಿನ ಅವನನ್ನು ಕೈಯಲ್ಲಿ ಹಿಡಿದು ನಿಂತ ಧರ್ಮತಂದೆ ನಾನು. ಅಂದು ಕೊಟ್ಟ ಬೆಳ್ಳಿ ಕಟ್ಟಿದ ಸೋರೆಬುರುಡೆಯಲ್ಲಿ ಯೆರ್ಬಾ ಕುಡಿಯಲು ಶುರು ಮಾಡಿದನೋ ಇಲ್ಲವೋ? ಹದಿನಾರು ತುಂಬಿತಲ್ಲ.

ನಿನ್ನ ತಮ್ಮ
ಫೆರ್ಮಿನ್


ತಾಲಾ ತೋಪು, ದುರಾಸ್ನೋ ಸೀಮೆ
2 ಏಪ್ರಿಲ್ 1859

ಫೆರ್ಮಿನ್,

ಶಾಸನಸಭೆಯೇ ನಿನಗೆ ಸರಿ. ಎಂಟು ವರ್ಷದವನಿದ್ದಾಗ ಒಡೆದ ಹೂಜಿಯ ಮುಂದೆ ನಿಂತು, ಅದು ತಾನೇ ಬಿತ್ತು, ಇಬ್ಬರು ಸಾಕ್ಷಿಗಳೂ ಇದ್ದಾರೆ ಅಂದವನು ನೀನು. ಒಬ್ಬ ಸಾಕ್ಷಿ ನಾನು, ಇನ್ನೊಂದು ನಾಯಿ. ಅಪ್ಪ ಅಂದೇ ಹೇಳಿದ್ದ: "ಇವ್ನು ದನ ಕಾಯೋಕಾಗಲ್ಲ, ದೇಶ ಆಳೋಕೇ ಲಾಯಕ್ಕು."

ನಿಕಾನೋರ್ ಈಗ ನನಗಿಂತ ಒಂದು ಗೇಣು ಎತ್ತರ. ಅವನಪ್ಪ ಸಾಯುವ ಮುಂಚೆ ಪಳಗಿಸಿದ ಕಂದು ಕುದುರೆ ಬಿಟ್ಟು ಬೇರೆಯದರ ಮೇಲೆ ಹತ್ತುವುದಿಲ್ಲ. ಬುರುಡೆಯನ್ನಂತೂ ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುತ್ತಾನೆ. ನೀನು ಕೆತ್ತಿಸಿದ ನಿಮ್ಮಿಬ್ಬರ ಹೆಸರನ್ನು ದಿನಾ ಬೂದಿ ಹಾಕಿ ಉಜ್ಜುತ್ತಾನೆ. ನಾನು ಸುಮ್ಮನೆ ಕೇಳಿದೆ, "ಒಂದ್ಸಲ ನಂಗ್ ಕೊಡೋ, ಕುಡಿದು ನೋಡ್ತೀನಿ." "ಕುದ್ರೆ ಬೇಕಾದ್ರೆ ಕೇಳಮ್ಮ" ಅಂದ. ಬುರುಡೆ ಕೈಬಿಡದ ಸೀಮೆಯ ಗಂಡಸಾದ ಅಂದುಕೊಂಡೆ.

ಒಂದು ಮಾತು. ನಿನ್ನ ಕಾಗದದ ಅರಗು ಎರಡು ಬಣ್ಣದ್ದಿತ್ತು, ಅಡಿಯಲ್ಲಿ ಗಾಢ, ಮೇಲೆ ತಿಳಿ. ನೀನೇ ಎರಡು ಸಲ ಮುದ್ರೆ ಒತ್ತಿದೆಯೋ, ದಾರಿಯಲ್ಲಿ ಯಾರಾದರೂ ನಮ್ಮ ಕಿತ್ತಳೆ ಸಿಪ್ಪೆಯ ವಿಷಯ ಓದಿ ಬಾಯಿ ಚಪ್ಪರಿಸಿದರೋ?

ಕಸಿಲ್ದಾ


ಮೊಂತೆವಿದೇವೋ
20 ಸೆಪ್ಟೆಂಬರ್ 1862

ಅಕ್ಕಾ,

ನಿನ್ನ ತಮ್ಮ ಈಗ ಗೃಹಮಂತ್ರಿ. ಠಾಣೆ, ಜೈಲು, ಅಂಚೆ ಎಲ್ಲ ನನ್ನ ಕೈಕೆಳಗೆ. ಇನ್ನು ಮುಂದೆ ನಿನಗೆ ಬರುವ ಕಾಗದದ ಅರಗು ಒಂದೇ ಬಣ್ಣದ್ದಾಗಿರುತ್ತದೆ. ಬಿಚ್ಚುವವರು ನಮ್ಮವರೇ, ಅಚ್ಚುಕಟ್ಟಾಗಿ ಮುಚ್ಚುತ್ತಾರೆ. ತಮಾಷೆಗೆ ಹೇಳಿದೆ.

ಕೆಲಸ ಹೂವಿನ ಹಾಸಿಗೆಯಲ್ಲ. ಮಂತ್ರಿಸಭೆಯಲ್ಲಿ ನನ್ನ ಎದುರು ಕೂರುವ ಯುದ್ಧಮಂತ್ರಿ ನಾನು ಎಲ್ಲಿ ಮೆತ್ತಗಾಗುತ್ತೇನೋ ಎಂದು ಬಕಪಕ್ಷಿಯಂತೆ ಕಾಯುತ್ತಿದ್ದಾನೆ. ಅವನು ನಕ್ಕರೆ ನಾನು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ನದಿಯಾಚೆ ಕೆಂಪು ಪಟ್ಟಿಯವರು ದಂಡು ಕೂಡಿಸುತ್ತಿದ್ದಾರೆ. ಈಚೆ ಅವರಿಗೆ ಯಾರ್ಯಾರು ಕುದುರೆ ಸಾಕುತ್ತಿದ್ದಾರೆ ಎನ್ನುವ ಪಟ್ಟಿ ನನ್ನ ಮೇಜಿನ ಮೇಲೆ ದಿನಾ ಉದ್ದವಾಗುತ್ತಿದೆ. ನಿನ್ನ ಸೀಮೆಯ ಹೆಸರುಗಳೂ ಇವೆ.

ನಿಕಾನೋರನನ್ನು ಇಲ್ಲಿಗೆ ಕಳಿಸು, ಕಚೇರಿಯಲ್ಲಿ ಕೂರಿಸುತ್ತೇನೆ.

ಫೆರ್ಮಿನ್ ಸಲ್ದೀವಿಯಾ


ತಾಲಾ ತೋಪು
11 ಜನವರಿ 1863

ಫೆರ್ಮಿನ್,

ನಿಕಾನೋರ್ ಬರುವುದಿಲ್ಲ. ಕುರ್ಚಿ ಮೇಲೆ ಕೂತರೆ ಕಾಲು ಜೋಮು ಹಿಡಿಯುತ್ತದಂತೆ.

ನಾನು ಬರೆಯುತ್ತಿರುವುದು ರಮೋನಾ ವಿಷಯಕ್ಕೆ. ಪಕ್ಕದ ಹೊಲದ ವಿಧವೆ, ಚಿಕ್ಕಂದಿನಲ್ಲಿ ನೀನು ಅವಳ ಮನೆಯ ಪೀಚ್ ಹಣ್ಣು ಕದ್ದು ತಿಂದು ಬೆಳೆದವನು. ಅವಳ ಮಗ ಲೌರೋನ ಜೀನಿನ ಚೀಲದಲ್ಲಿ ಕೆಂಪಿನವರ ಪತ್ರಿಕೆ ಸಿಕ್ಕಿತು, ಹುಡುಗ ಹೆದರಿ ಅಡಗಿಕೊಂಡ. ಆಗ ನೀನು ಅವಳಿಗೆ ಕಾಗದ ಬರೆದೆ. ಅವಳು ನನಗೆ ತೋರಿಸಿದಳು. "ಲೌರೋ ಎಲ್ಲಿದ್ದಾನೆಂದು ತಿಳಿಸು, ರಹದಾರಿ ಕಳಿಸುತ್ತೇನೆ, ಅವನ ಕೂದಲೂ ಕೊಂಕದು." ಅವಳು ತಿಳಿಸಿದಳು. ಎಂಟನೇ ದಿನಕ್ಕೆ ಬಂದದ್ದು ರಹದಾರಿ ಅಲ್ಲ, ಸಿಪಾಯಿಗಳು. ಮೊನ್ನೆ ಸುದ್ದಿ ಬಂತು, ಲೌರೋ ಸೆರೆಮನೆಯಲ್ಲಿ ಜ್ವರ ಬಂದು ಹೋದನಂತೆ.

ರಮೋನಾ ಅಳಲಿಲ್ಲ. ನಿನ್ನ ಕಾಗದವನ್ನು ಮತ್ತೆ ನನ್ನ ಮುಂದೆ ಹರಡಿ, "ಕಸಿಲ್ದಾ, ನಿಮ್ ತಮ್ಮನ ಅಕ್ಷರ ಎಷ್ಟ್ ದುಂಡಗೈತೆ ನೋಡು" ಅಂದಳು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸಿತು.

ನಿನಗೆ ಏನಾದರೂ ಹೇಳುವುದಿದ್ದರೆ ಹೇಳು.

ಕಸಿಲ್ದಾ


ಮೊಂತೆವಿದೇವೋ
30 ಮೇ 1863

ಅಕ್ಕಾ,

ಉತ್ತರ ತಡವಾಯಿತು. ಕೆಂಪಿನವರು ನದಿ ದಾಟಿ ಬಂದಾಗಿನಿಂದ ನನಗೆ ಊಟಕ್ಕೂ ಪುರುಸೊತ್ತಿಲ್ಲ.

ಲೌರೋ ವಿಷಯದಲ್ಲಿ ಆದೇಶ ಯುದ್ಧಮಂತ್ರಿಯದು. ನನ್ನ ರಹದಾರಿ ಬರೆದು ಮೇಜಿನ ಮೇಲಿತ್ತು, ಅವನ ಸಿಪಾಯಿಗಳು ಮೊದಲು ತಲುಪಿದರು. ನಂಬುವುದಾದರೆ ನಂಬು.

ಈಗ ನನ್ನ ಕೈಗೊಂದು ವರದಿ ಬಂದಿದೆ. ತಾಲಾ ತೋಪಿನಿಂದ ಕೆಂಪಿನವರಿಗೆ ಕುದುರೆಗಳು ಹೋದವಂತೆ. ಮಂತ್ರಿಯ ಸೋದರಳಿಯ ಹದಿನೈದು ದಿನದಿಂದ ಯಾರ ಕಣ್ಣಿಗೂ ಬಿದ್ದಿಲ್ಲವಂತೆ. ಆ ವರದಿಯನ್ನು ನಾನು ಸದ್ಯಕ್ಕೆ ಒಳಗಿಟ್ಟಿದ್ದೇನೆ, ಎಷ್ಟು ದಿನ ಇಡಬಲ್ಲೆನೋ ಗೊತ್ತಿಲ್ಲ.

ನಿಕಾನೋರ್ ಎಲ್ಲಿದ್ದಾನೆಂದು ತಿಳಿಸು, ರಹದಾರಿ ಕಳಿಸುತ್ತೇನೆ, ಅವನ ಕೂದಲೂ ಕೊಂಕದು.

ಫೆರ್ಮಿನ್


ತಾಲಾ ತೋಪು
14 ಜೂನ್ 1863
(ಇದನ್ನು ಕಳಿಸುವುದಿಲ್ಲ)

ಫೆರ್ಮಿನ್,

ಅದೇ ಮಾತು, ಅಕ್ಷರ ಅಕ್ಷರ ಅದೇ. ಹೆಸರು ಮಾತ್ರ ಬೇರೆ. ನಿನಗೆ ಬರೆಯುವಾಗ ನೆನಪಾಗಲಿಲ್ಲವೋ, ಮಂತ್ರಿಗಳ ಕಚೇರಿಯಲ್ಲಿ ಇಂಥ ಕಾಗದಕ್ಕೆ ಅಚ್ಚು ಮಾಡಿಟ್ಟಿದ್ದಾರೋ?

ನಡೆದದ್ದು ಇಷ್ಟು. ನಿಮ್ಮ ಬಿಳಿ ಪಟ್ಟಿಯ ಠಾಣೆ ನಾಯಕ ದಂಡಿಗೆಂದು ಕುದುರೆ ಹಿಡಿಯಲು ಬಂದ. ನಿಕಾನೋರ್ ಮರ್ಯಾದೆಯಿಂದಲೇ ಹೇಳಿದ: "ಈ ಕಂದು ಕುದ್ರೆ ನಮ್ಮಪ್ಪ ಪಳಗ್ಸಿದ್ದು. ಇದೊಂದ್ ಬಿಟ್ಟು ಬೇಕಾದ್ ಹನ್ನೆರಡು ತಗೊಳ್ಳಿ." ನಾಯಕ ನಕ್ಕ. "ಮಂತ್ರಿ ಅಳಿಯ ಅಂತ ಸೊಕ್ಕಾ? ನಿಮ್ಮಾವ ಕೂತಿರೋದು ಕುರ್ಚಿ ಮೇಲೆ, ಕುದ್ರೆ ಮೇಲಲ್ಲ" ಅಂದವನೇ ಕತ್ತಿ ತೆಗೆದು ಅದರ ಮಗ್ಗುಲಿಂದ ಅವನ ಬೆನ್ನಿಗೆ ಆರು ಏಟು ಹಾಕಿದ. ಆಳುಗಳೆಲ್ಲ ನೋಡುತ್ತಿದ್ದರು. ಗಂಡಸನ್ನು ಕೊಲ್ಲಬಹುದು ಫೆರ್ಮಿನ್, ಅವನ ಆಳುಗಳ ಮುಂದೆ ಹಾಗೆ ಹೊಡೆಯಬಾರದು.

ಒಳಗೆ ಬಂದು ಟೋಪಿಯ ಪಟ್ಟಿ ಬಿಚ್ಚಿ ಕೊಟ್ಟು, "ಅಮ್ಮಾ, ಈ ಬಿಳಿ ಪಟ್ಟಿ ಒಲೆಗ್ ಹಾಕು" ಅಂದ.

"ಮಾವಂಗೆ ಬರೀತೀನಿ, ತಡಿ."

"ಮಾವಂಗೆ ಬರೆದು ರಮೋನತ್ತೆ ಕಂಡಿದ್ದು ಸಾಲ್ದಾ?"

ಪಟ್ಟಿಯನ್ನು ಒಲೆಗೆ ಹಾಕಿದೆ. ಕೆಂಪಿನವರ ಜೊತೆ ಹೋದ. ಹೋಗುವಾಗ ಬುರುಡೆಯನ್ನು ಅಂಗಿಯೊಳಗೆ ಕಟ್ಟಿದೆ. "ಸಿಕ್ಕಿಬಿದ್ರೆ ಇದನ್ನ ತೋರ್ಸು. ಯಾರ ಹೆಸ್ರು ಕೆತ್ತಿದೆ ಓದಿ ಅನ್ನು" ಅಂದೆ. ಮಂತ್ರಿಯನ್ನು ನಾನು ನಂಬಲಾರೆ. ಆದರೆ ದೇವರ ಮುಂದೆ ಮಗುವನ್ನು ಹಿಡಿದು ನಿಂತವನು ಅದರ ಕೊರಳು ಮುಟ್ಟುವುದಿಲ್ಲ ಎಂಬ ಧೈರ್ಯವೊಂದಿದೆ.

ಬರೆದು ಮನಸ್ಸು ಹಗುರವಾಯಿತು. ಈಗ ಬೇರೆ ಕಾಗದ ಬರೆಯುತ್ತೇನೆ.


ತಾಲಾ ತೋಪು
15 ಜೂನ್ 1863

ಪ್ರೀತಿಯ ತಮ್ಮಾ,

ನಿನ್ನ ಕಾಳಜಿ ನೋಡಿ ಕಣ್ಣು ತುಂಬಿತು. ನಿಕಾನೋರ್ ಬ್ರೆಜಿಲಿನಲ್ಲಿದ್ದಾನೆ. ಬಾಜೆಯಲ್ಲಿ ಅವನ ಚಿಕ್ಕಪ್ಪನಿಗೆ ಚರ್ಮದ ವ್ಯಾಪಾರವಿದೆಯಲ್ಲ, ಅಲ್ಲಿಗೆ ಕಳಿಸಿದೆ. ಇಲ್ಲಿದ್ದರೆ ಯಾರೋ ಒಬ್ಬರು ಎಳೆದುಕೊಂಡು ಹೋಗುತ್ತಿದ್ದರು. ಚೆನ್ನಾಗಿದ್ದಾನಂತೆ, ಪೋರ್ಚುಗೀಸ್ ಕಲಿಯುತ್ತಿದ್ದಾನಂತೆ.

ಕುದುರೆ ಕೊಟ್ಟೆವು ಅಂತ ಹೇಳಿದವರ ಬಾಯಿಗೆ ಹುಳ ಬೀಳಲಿ. ಕೆಂಪಿನವರು ಮನೆ ನುಗ್ಗಿ ದೋಚಿದರು. ಹನ್ನೆರಡು ಕುದುರೆ, ನಿಕಾನೋರನ ಹೊಸ ಜೀನು, ನನ್ನ ಎರಡು ಹೊದಿಕೆ ಎಲ್ಲ ಹೋಯಿತು. ನೀನು ಕೊಟ್ಟ ಬೆಳ್ಳಿ ಬುರುಡೆಯನ್ನೂ ಬಿಡಲಿಲ್ಲ. ಮಗ ಅವಸರದಲ್ಲಿ ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಅದೊಂದು ಹೋದದ್ದಕ್ಕೆ ಮೂರು ದಿನ ಅತ್ತೆ.

ರಹದಾರಿ ಬೇಡ. ಬ್ರೆಜಿಲಿಗೆ ಯಾತರ ರಹದಾರಿ?

ನಿನ್ನ ಅಕ್ಕ
ಕಸಿಲ್ದಾ


ಮೊಂತೆವಿದೇವೋ
9 ನವೆಂಬರ್ 1863

ಅಕ್ಕಾ,

ಈ ಕಾಗದದ ಜೊತೆ ಬರುವ ಗಂಟನ್ನು ಮೊದಲು ಬಿಚ್ಚು. ಬಿಚ್ಚಿದೆಯಾ? ತಮ್ಮ ಮಂತ್ರಿಯಾದದ್ದಕ್ಕೆ ಒಂದು ಪ್ರಯೋಜನವಾದರೂ ಆಯಿತು ಅನ್ನು.

ಮೂರು ಕಲ್ಲಿನ ಹೊಳೆದಾಟಿನ ಬಳಿ ನಮ್ಮ ಕರ್ನಲ್ ಮೆಂದಾರೋ ಕೆಂಪಿನವರ ಒಂದು ತುಕಡಿಯನ್ನು ಹಿಡಿದ. ಅದರಲ್ಲೊಬ್ಬ ಈ ಬುರುಡೆ ತೋರಿಸಿ, ನಾನು ಗೃಹಮಂತ್ರಿಯ ಅಳಿಯ, ಅವರೇ ನನ್ನ ಧರ್ಮತಂದೆ ಎಂದನಂತೆ. ಕರ್ನಲ್ ಕಾಗದ ಬರೆದು, ಬುರುಡೆಯನ್ನೂ ಇಟ್ಟು ಸವಾರನನ್ನು ಅಟ್ಟಿದ. ಆ ಕಾಗದ ನನ್ನ ಕೈಗೆ ಬಂದದ್ದು ಮಂತ್ರಿಸಭೆಯಲ್ಲಿ. ಯುದ್ಧಮಂತ್ರಿಗೆ ಸುದ್ದಿ ಮೊದಲೇ ತಲುಪಿತ್ತು, ಮೀಸೆಯಡಿ ನಗುತ್ತ ಕೂತಿದ್ದ.

"ಏನ್ ಸಲ್ದೀವಿಯಾ ಅವ್ರೇ, ನಿಮ್ ಮನೆ ಹುಡ್ಗ ಕೆಂಪು ಪಟ್ಟಿ ಕಟ್ಕೊಂಡಂಗಿದೆ? ಬಿಟ್ಬಿಡೋಣ ಅಂದ್ರೆ ಬಿಟ್ಬಿಡೋಣ. ನಂಟಸ್ತನ ಅಂದ್ರೆ ನಂಟಸ್ತನ."

ಇಡೀ ಸಭೆ ನನ್ನ ಮುಖ ನೋಡುತ್ತಿತ್ತು. ನಾನು ಬುರುಡೆ ಕೈಗೆತ್ತಿಕೊಂಡು ಹೇಳಿದೆ: "ನನ್ನ ಅಳಿಯ ಬ್ರೆಜಿಲಲ್ಲಿ ಚರ್ಮ ಮಾರ್ತಿದಾನೆ. ಇದು ನಮ್ಮಕ್ಕನ ಮನೆಯಿಂದ ದೋಚಿದ ಮಾಲು. ದೋಚಿದ್ದಲ್ದೆ ನನ್ನ ಹೆಸ್ರನ್ನೂ ಗುರಾಣಿ ಮಾಡ್ಕೊಂಡಿದಾನೆ." ಅಲ್ಲೇ, ಯುದ್ಧಮಂತ್ರಿಯ ಎದುರಿಗೇ, ಕಾನೂನಿನಂತೆ ನಡೆಯಲಿ ಎಂದು ಬರೆದು ರುಜು ಹಾಕಿದೆ. ಅವನ ನಗು ನಿಂತಿತು. ಮಾರನೇ ವಾರ ಹೊಳೆದಾಟಿನ ಬಳಿಯೇ ಆ ಸೆರೆಯಾಳಿಗೆ ಗುಂಡು ಹಾರಿಸಿದರು.

ಬರುವ ವರ್ಷದ ಅಧ್ಯಕ್ಷ ಪದವಿಗೆ ನನ್ನ ಹೆಸರು ಕೇಳಿಬರುತ್ತಿದೆ. ಮನೆಯವರಿಗೂ ಮಣಿಯದ ಮನುಷ್ಯ ಎನ್ನುತ್ತಿದ್ದಾರಂತೆ. ಬೆಳ್ಳಿ ಸ್ವಲ್ಪ ನಗ್ಗಿದೆ, ಅಕ್ಕಸಾಲಿಗನಿಗೆ ಕೊಟ್ಟರೆ ಸರಿಹೋಗುತ್ತದೆ. ನಿಕಾನೋರ್ ಬಂದಾಗ ಅವನ ಕೈಗೆ ಕೊಡು.

ನಿನ್ನ ಹೆಮ್ಮೆಯ ತಮ್ಮ
ಫೆರ್ಮಿನ್


ತಾಲಾ ತೋಪು
1 ಡಿಸೆಂಬರ್ 1863

ಫೆರ್ಮಿನ್,

ಗಂಟು ಬಂತು.

ಆ ಮನುಷ್ಯ ಹೇಗಿದ್ದ ಎಂದು ಕರ್ನಲನನ್ನು ಕೇಳು. ವಯಸ್ಸೆಷ್ಟು? ಎತ್ತರವಿದ್ದನೋ ಗಿಡ್ಡನೋ? ಎಡಗೈ ಹೆಬ್ಬೆರಳಿನ ಬುಡದಲ್ಲಿ ಹಗ್ಗ ಉಜ್ಜಿದ ಗಾಯದ ಗುರುತಿತ್ತೋ? ಹತ್ತಿದ್ದ ಕುದುರೆ ಯಾವ ಬಣ್ಣದ್ದು?

ಬೇರೆ ಏನೂ ಇಲ್ಲ, ನಮ್ಮ ಮನೆ ಹೊಕ್ಕ ಕಳ್ಳ ಇವನೇ ಹೌದೋ ಅಲ್ಲವೋ ತಿಳಿಯಬೇಕಿತ್ತು.

ಕಸಿಲ್ದಾ


ಮೊಂತೆವಿದೇವೋ
8 ಡಿಸೆಂಬರ್ 1863

ಅಕ್ಕಾ,

ನಲವತ್ತು ದಾಟಿದವನು. ಗಿಡ್ಡ, ಗಡ್ಡ ಬಿಟ್ಟಿದ್ದ. ಕೈ ಮೇಲೆ ಗುರುತೇನೂ ಇರಲಿಲ್ಲ. ಕುದುರೆ ವಿಷಯ ಗೊತ್ತಿಲ್ಲ.

ಫೆರ್ಮಿನ್


ಕೊನ್ಸೆಪ್ಸಿಯೋನ್, ನದಿಯ ಪಶ್ಚಿಮ ದಂಡೆ
30 ಜೂನ್ 1865

ಅಕ್ಕಾ,

ನನ್ನ ಪತನದ ಸುದ್ದಿ ನಿನಗೆ ಮುಟ್ಟಿರುತ್ತದೆ. ಫೆಬ್ರವರಿಯಲ್ಲಿ ಕೆಂಪಿನವರು ರಾಜಧಾನಿಗೆ ನುಗ್ಗಿದರು, ನಾನು ಉಟ್ಟ ಬಟ್ಟೆಯಲ್ಲಿ ದೋಣಿ ಹತ್ತಿದೆ. ಮಂತ್ರಿಗಿರಿಯನ್ನು ಅದಕ್ಕೂ ಒಂದು ವರ್ಷ ಮುಂಚೆಯೇ ಬಿಟ್ಟಿದ್ದೆ. ಅಧ್ಯಕ್ಷ ಪದವಿಗೆ ಹೆಸರು ಬಂದಾಗ ಬೇಡವೆಂದೆ. ಆರೋಗ್ಯ ಎಂದು ಪತ್ರಿಕೆಯಲ್ಲಿ ಬರೆದರು. ಭಾರಿ ಹೂಟ ಇರಬೇಕು, ಸಲ್ದೀವಿಯಾ ಸುಮ್ಮನೆ ಬಿಡುವ ಆಸಾಮಿಯಲ್ಲ ಎಂದು ಯುದ್ಧಮಂತ್ರಿ ಎರಡು ತಿಂಗಳು ನನ್ನ ಹಿಂದೆ ಗೂಢಚಾರರನ್ನು ಬಿಟ್ಟಿದ್ದ.

ಇಲ್ಲಿ ಹುಡುಗರಿಗೆ ಲ್ಯಾಟಿನ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತೇನೆ. ಎದುರು ದಂಡೆಯಲ್ಲಿ ನಮ್ಮ ನಾಡಿನ ಮರಗಳು ಕಾಣುತ್ತವೆ. ಹತ್ತು ಕಾಗದ ಬರೆದೆ, ನಿನ್ನ ಉತ್ತರವಿಲ್ಲ. ದಾರಿಯಲ್ಲಿ ಯಾರೋ ತೆಗೆದುಕೊಳ್ಳುತ್ತಿದ್ದಾರೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಬಾಜೆಯಿಂದ ಸುದ್ದಿ ಇದೆಯೇ?

ಫೆರ್ಮಿನ್


ಕೊನ್ಸೆಪ್ಸಿಯೋನ್
2 ನವೆಂಬರ್ 1868

ಅಕ್ಕಾ,

ಇಂದು ಸತ್ತವರ ಹಬ್ಬ. ಎಲ್ಲರೂ ಸಮಾಧಿಗಳಿಗೆ ಹೂವು ಒಯ್ಯುತ್ತಿದ್ದರು. ನಾನು ನದಿ ದಂಡೆಗೆ ಹೋಗಿ ಬಂದೆ.

ಕಳೆದ ತಿಂಗಳು ನಿನ್ನ ಕೈಬರಹದ ವಿಳಾಸವಿದ್ದ ಪೊಟ್ಟಣವೊಂದು ಬಂತು. ಒಳಗೆ ಒಂದಕ್ಷರವೂ ಇರಲಿಲ್ಲ, ಒಣ ಕಿತ್ತಳೆ ಸಿಪ್ಪೆ ಮಾತ್ರ. ಅದನ್ನು ಎದುರಿಗಿಟ್ಟುಕೊಂಡು ಇಡೀ ಮಧ್ಯಾಹ್ನ ಕೂತಿದ್ದೆ. ಇದು ಕ್ಷಮೆಯೋ, ಪರೀಕ್ಷೆಯೋ, ಮತ್ತೇನಾದರೂ ಬೆರೆತಿದೆಯೋ? ಇಷ್ಟು ವರ್ಷ ಜನರ ಕಾಗದ ಓದಿ ಬದುಕಿದವನಿಗೆ ನಿನ್ನ ಸಿಪ್ಪೆ ಓದಲು ಬರಲಿಲ್ಲ.

ಫೆ.


ಕೊನ್ಸೆಪ್ಸಿಯೋನ್
17 ಏಪ್ರಿಲ್ 1872

ಅಕ್ಕಾ,

ಬಿಳಿಯವರೂ ಕೆಂಪಿನವರೂ ರಾಜಿ ಮಾಡಿಕೊಂಡರು. ನನ್ನಂಥವರು ಊರಿಗೆ ಮರಳಬಹುದಂತೆ. ಮರಳುವ ಮುಂಚೆ ನಿನಗೆ ಒಂದು ಮಾತು ಹೇಳಬೇಕು. ಇದನ್ನು ಓದಿದ ಮೇಲೆ ಬರಬೇಡ ಎಂದರೆ ಬರುವುದಿಲ್ಲ.

ನಲವತ್ತು ದಾಟಿದ ಗಡ್ಡದವನು ಎಂದು ನಾನು ಬರೆದದ್ದು ಸುಳ್ಳು.

ಕರ್ನಲನ ಕಾಗದ ಎರಡು ಪುಟದ್ದಿತ್ತು. ಮಂತ್ರಿಸಭೆಯಲ್ಲಿ ನಾನು ಮೊದಲ ಪುಟ ಓದಿದೆ, ಬುರುಡೆ ನೋಡಿದೆ, ನಿನ್ನ ಕಾಗದ ನೆನಪಾಯಿತು, ರುಜು ಹಾಕಿದೆ. ಪುಟ ತಿರುಗಿಸಲಿಲ್ಲ. ಎದುರಿಗೆ ಯುದ್ಧಮಂತ್ರಿ ನಗುತ್ತಿದ್ದ, ತಿರುಗಿಸಿದರೆ ಅಳುಕಿದ ಹಾಗೆ ಕಾಣುತ್ತಿತ್ತು. ನೀನು ಎಡಗೈ ಗಾಯದ ಗುರುತು ಕೇಳಿ ಬರೆದ ದಿನ ಆ ಕಾಗದ ಹುಡುಕಿ ತೆಗೆದು ತಿರುಗಿಸಿದೆ. ಎರಡನೇ ಪುಟದಲ್ಲಿ ಇದ್ದದ್ದು ಇಷ್ಟೇ:

"ಸೆರೆಯಾಳಿಗೆ ಇಪ್ಪತ್ತರ ಸುಮಾರು. ಮಂತ್ರಿಗಳು ಬುರುಡೆ ನೋಡಿಯೂ ನಂಬದಿದ್ದರೆ ಅವರಿಗೆ ಈ ಮಾತು ತಿಳಿಸಿ ಎನ್ನುತ್ತಾನೆ: ಮಾವನಿಗೆ ಕಿತ್ತಳೆ ಸಿಪ್ಪೆ ಹಾಕಿದ ಯೆರ್ಬಾ ಆಗುವುದೇ ಇಲ್ಲ. ಅಮ್ಮ ಅತ್ತ ತಿರುಗಿದಾಗ ಕಿಟಕಿಯಿಂದ ಆಚೆ ಚೆಲ್ಲುತ್ತಿದ್ದರು. ನಾನು ನೋಡಿಬಿಟ್ಟೆ. ನಿಮ್ಮಮ್ಮನಿಗೆ ಹೇಳಬೇಡ, ನೊಂದುಕೊಳ್ಳುತ್ತಾಳೆ ಅಂದರು. ನಾನು ಇವತ್ತಿನವರೆಗೂ ಹೇಳಿಲ್ಲ."

ನಿಜ ಅಕ್ಕಾ. ಚಿಕ್ಕಂದಿನಿಂದಲೂ ನನಗೆ ಅದರ ವಾಸನೆ ಆಗದು. ಅದು ನನಗೂ ಅವನಿಗೂ ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಆಗ ಏಳು ವರ್ಷ.

ನನ್ನನ್ನು ಯಾವುದು ಸುಡುತ್ತದೆ ಗೊತ್ತೇ? ಗಂಡಸು ತನ್ನ ಬುರುಡೆ ಮನೆಯಲ್ಲಿ ಬಿಟ್ಟು ಬ್ರೆಜಿಲಿಗೆ ಹೋಗುತ್ತಾನೆಯೇ? ಈ ಸೀಮೆಯ ಕೂಸೂ ನಂಬದ ಮಾತು. ಬೇರೆ ಯಾರು ಬರೆದಿದ್ದರೂ ಅದೇ ಸಾಲಿಗೆ ಬೆರಳಿಟ್ಟು ಹಿಡಿಯುತ್ತಿದ್ದೆ. ನೀನು ಬರೆದದ್ದೆಂದು ಸುಮ್ಮನೆ ನಂಬಿದೆ.

ನಿಕಾನೋರ್ ಹೆಸರಿನ ರಹದಾರಿ ಈಗಲೂ ನನ್ನ ಬಳಿ ಇದೆ, 1863ರ ಮೇ ತಿಂಗಳ ತಾರೀಖಿನದು. ಆ ಸಲ ನಾನು ಸುಳ್ಳು ಬರೆದಿರಲಿಲ್ಲ. ಈ ಕಾಗದದೊಳಗೆ ಇಟ್ಟಿದ್ದೇನೆ, ನೋಡು.

ಬಾ ಎಂದರೆ ಬರುತ್ತೇನೆ. ಏನು ಕೊಟ್ಟರೂ ಕುಡಿಯುತ್ತೇನೆ. ಯಾವ ಪಾತ್ರೆಯಿಂದ ಸುರಿದೆ ಎಂದು ನೋಡುವುದಿಲ್ಲ.

ಫೆರ್ಮಿನ್


ತಾಲಾ ತೋಪು
12 ಮೇ 1872

ಫೆರ್ಮಿನ್,

ಅದು ನನ್ನ ಮಗ ಎಂದು ನೀನು ಹೇಳಬೇಕಾಗಿರಲಿಲ್ಲ. ನಿನ್ನ ಆ ಮೂರು ಸಾಲಿನ ಕಾಗದ ಬಂದ ದಿನವೇ ತಿಳಿಯಿತು. ಜೀವಮಾನದಲ್ಲಿ ನೀನು ನನಗೆ ವಾರದೊಳಗೆ ಉತ್ತರ ಬರೆದವನಲ್ಲ, ಇಷ್ಟು ಚಿಕ್ಕದಾಗಿಯೂ ಬರೆದವನಲ್ಲ. ರಮೋನಾ ಮತ್ತು ನಾನು ಗಾಡಿ ಕಟ್ಟಿಕೊಂಡು ಮೂರು ಕಲ್ಲಿನ ಹೊಳೆದಾಟಿಗೆ ಹೋದೆವು. ಅಲ್ಲಿ ದೋಣಿ ನಡೆಸುವವನು ಮರದ ಬುಡ ತೋರಿಸಿದ. "ಭಾಳ ಎತ್ರದ ಹುಡ್ಗ ಕಣಮ್ಮ. ಗುಂಡಿ ಸಾಲ್ದೆ ಮತ್ತೆ ತೋಡ್ಬೇಕಾಯ್ತು" ಅಂದ. ಪ್ರತಿ ನವೆಂಬರ್ ಹೋಗುತ್ತೇನೆ.

ನೀನು ತಿಳಿದೇ ಕೊಲ್ಲಿಸಿದೆ ಎಂದು ಎಂಟು ವರ್ಷ ನಂಬಿದ್ದೆ. ಕುರ್ಚಿಗಾಗಿ ಮಾಡಿದೆ ಅಂತ. ನಿನ್ನ ಹೆಸರು ಎತ್ತಿ ಒಲೆಯ ಮುಂದೆ ಶಪಿಸಿದ್ದೇನೆ. ಸಿಪ್ಪೆ ಕಳಿಸಿದ್ದು ಕ್ಷಮೆಗೂ ಅಲ್ಲ, ಪರೀಕ್ಷೆಗೂ ಅಲ್ಲ. ಪ್ರತಿ ಬೆಳಗ್ಗೆ ಅದನ್ನು ಕುಡಿಯುವಾಗ ನನ್ನ ಮನೆ ನಿನ್ನ ಗಂಟಲಲ್ಲಿ ಸಿಕ್ಕಿಕೊಳ್ಳಲಿ ಅಂತ.

ಈಗ ನನ್ನ ಮಾತು ಕೇಳು. ಬ್ರೆಜಿಲೂ ಸುಳ್ಳು, ಮನೆ ದೋಚಿದ್ದೂ ಸುಳ್ಳು. ಕುದುರೆಗಳನ್ನು ಅವನೇ ಅಟ್ಟಿಕೊಂಡು ಹೋದ. ಬರೀ ಕುದುರೆ ಹೋಯಿತು ಎಂದರೆ ನೀನು ನಂಬುವುದಿಲ್ಲ ಅನ್ನಿಸಿ, ತೂಕಕ್ಕಿರಲಿ ಎಂದು ಬುರುಡೆಯನ್ನೂ ಸೇರಿಸಿ ಬರೆದೆ. ಕಾಗದ ಹೋದ ಮೂರನೇ ದಿನ ಹಾಲು ಕರೆಯುತ್ತ ಕೂತಿದ್ದಾಗ ಹೊಳೆಯಿತು. ಯಾವುದನ್ನು ತೋರಿಸು ಎಂದು ಮಗನ ಎದೆಗೆ ಕಟ್ಟಿದ್ದೆನೋ ಅದನ್ನೇ ಕಳವಿನ ಮಾಲು ಮಾಡಿದ್ದೆ. ಬಕೆಟ್ ಕೈಜಾರಿ ಹಾಲೆಲ್ಲ ಚೆಲ್ಲಿತು. ಮತ್ತೆ ಬರೆಯೋಣ ಎಂದು ಕೂತೆ. ಒಂದನ್ನು ತಿದ್ದಿದರೆ ಎಲ್ಲವೂ ಬಯಲಾಗುತ್ತದೆ, ನಿನ್ನ ಸಿಪಾಯಿಗಳು ಅವನ ಜಾಡು ಹಿಡಿಯುತ್ತಾರೆ ಎಂದು ಹೆದರಿ ಸುಮ್ಮನಾದೆ. ಜೂನ್ ಹದಿನಾಲ್ಕರಂದು ಬರೆದು ಕಳಿಸದೆ ಇಟ್ಟ ಕಾಗದ ಇದರ ಜೊತೆಗಿದೆ. ಅದನ್ನು ಅಂದೇ ಕಳಿಸಿದ್ದರೆ ನನ್ನ ಮಗನಿಗೆ ಈಗ ಇಪ್ಪತ್ತೊಂಬತ್ತು.

ನಿನ್ನ ರಹದಾರಿ ನೋಡಿದೆ. ಎತ್ತರ, ಬಣ್ಣ, ಎಡಗೈ ಗಾಯದ ಗುರುತು ಎಲ್ಲ ಬರೆದಿದ್ದೀಯ. ಅಂದರೆ ಗುರುತು ಕೇಳಿದ ನನ್ನ ಕಾಗದ ಬರುವ ಮುಂಚೆಯೇ ನಿನಗೆ ನೆನಪಿತ್ತು. ಆ ಸಲ ನೀನು ಬರೆದದ್ದು ನಿಜವೇ.

ಬುರುಡೆಯನ್ನು ಅಕ್ಕಸಾಲಿಗನಿಗೆ ಕೊಟ್ಟಿಲ್ಲ. ನಗ್ಗಿದ್ದು ಹಾಗೇ ಇದೆ. ಇದುವರೆಗೆ ಯಾರೂ ಅದರಲ್ಲಿ ಕುಡಿದಿಲ್ಲ.

ಬಾ. ರಮೋನಾಳೂ ಬರುತ್ತಾಳೆ, ಅವಳ ಕಣ್ಣಿನಿಂದ ನೀನು ತಪ್ಪಿಸಿಕೊಳ್ಳಲಾರೆ. ಒಲೆಯ ಹತ್ತಿರ ನಿನ್ನ ಹಳೆಯ ಮಣೆ ಹಾಕಿರುತ್ತೇನೆ. ಮೊದಲ ಸಲ ಸುರಿದದ್ದು ಕಹಿ, ಮಾಡಿಕೊಡುವವರೇ ಕುಡಿಯಬೇಕು, ಅದು ನನ್ನ ಪಾಲು. ಎರಡನೆಯದು ನಿನ್ನದು.

ಸಿಪ್ಪೆ ಹಾಕುವುದಿಲ್ಲ.

ನಿನ್ನ ಅಕ್ಕ
ಕಸಿಲ್ದಾ